ಯಾವ ‘ಬಿಡಿ’?

ನನ್ನ ಜೀಪಿನ ಹತ್ತಿರ ನಿಂತವರು ಒಂದು ಶಬ್ದವನ್ನು ಬಾಯಿಗೆ ತರಬಾರದು ಎಂಬ ನಿಯಮವಿತ್ತು. ಬೈಗುಳವಲ್ಲ. ಬೈಗುಳಕ್ಕೆ ನನ್ನ ತಕರಾರು ಯಾವತ್ತೂ ಇರಲಿಲ್ಲ. ಕೆಸರಲ್ಲಿ ಹೂತ ಗಾಡಿಯ ಮುಂದೆ ನಿಂತ ಮನುಷ್ಯನಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಕು. ಆಡಬಾರದ ಶಬ್ದ ‘ಬಿಡಿ’. ಯಾರಾದರೂ ಮರೆತು ಅಂದರೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, “ಯಾವ ಬಿಡಿ?” ಎಂದು ಕೇಳುತ್ತಿದ್ದೆ. ಸುಳ್ಯ, ಕಡಬದ ಡ್ರೈವರುಗಳು ಇದನ್ನು ಹಿಡಿದುಕೊಂಡು ನನ್ನನ್ನು ಗೋಳು ಹೊಯ್ದುಕೊಂಡದ್ದು ಅಷ್ಟಿಷ್ಟಲ್ಲ. ಹೋಟೆಲಿನಲ್ಲಿ ಚಾ ಕುಡಿದು ಏಳುವಾಗ “ಹೋಗ್ಲಿ ಬಿಡಿ ಗಂಗಣ್ಣ” ಎಂದು ಬೇಕೆಂದೇ ಹೇಳಿ ನನ್ನ ಮುಖ ನೋಡುತ್ತಿದ್ದರು.

ಆ ನಿಯಮ ಯಾಕೆ ಎಂದು ಕೇಳಿದವರಿಗೆ ನಾನು ಎಡಗೈ ಎತ್ತಿ ತೋರಿಸುತ್ತಿದ್ದೆ. ಅದರಲ್ಲಿ ತೋರುಬೆರಳೂ ಇಲ್ಲ, ನಡುಬೆರಳೂ ಇಲ್ಲ. ಮರ್ಕಂಜದಲ್ಲಿ ಒಬ್ಬ ಪಿಕಪ್ ಡ್ರೈವರ್ ಹೇಳದೆ ಕೇಳದೆ ಗಾಡಿ ಮುಂದಕ್ಕೆ ಬಿಟ್ಟ, ನನ್ನ ಬೆರಳು ಹೋಯಿತು ಎನ್ನುತ್ತಿದ್ದೆ. ಅದು ಅರ್ಧ ಕಥೆ. ಉಳಿದ ಅರ್ಧದಲ್ಲಿ ಆ ಡ್ರೈವರ್ ಶೀನಪ್ಪನವರ ಮಾನ ಇತ್ತು. ಅದನ್ನು ಹದಿನಾಲ್ಕು ವರ್ಷ ನುಂಗಿಕೊಂಡು ಕೂತಿದ್ದೆ.

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಪುತ್ತೂರು ಕಡೆಯ ಇಪ್ಪತ್ತು ಮೂವತ್ತು ಮಂದಿ ಸೇರಿ ಜೀಪುಗಳ ಒಂದು ಗುಂಪು ಮಾಡಿಕೊಂಡಿದ್ದಾರೆ. ಭಾನುವಾರ ಬಂತೆಂದರೆ ಒಳ್ಳೆಯ ರಸ್ತೆ ಬಿಟ್ಟು ಗುಡ್ಡ, ನೀರಿನ ತೋಡು, ಕೆಸರು ಹುಡುಕಿಕೊಂಡು ಹೋಗುತ್ತಾರೆ. ನಾವು ಯಾವುದರಿಂದ ಗಾಡಿ ಎಳೆದು ಹೊರಗೆ ಹಾಕುತ್ತಿದ್ದೆವೋ ಅದರೊಳಗೆ ಇವರು ಖುಷಿಯಿಂದ ಇಳಿಯುತ್ತಾರೆ. ಅವರಲ್ಲಿ ರಶ್ಮಿ ಎಂಬವರು ದನಗಳ ಡಾಕ್ಟರು. ದಾರಿ ಇಲ್ಲದ ಹಟ್ಟಿಗಳಿಗೂ ಹೋಗಬೇಕಾದ ಕೆಲಸವಾದ್ದರಿಂದ ಜೀಪು ಕಲಿತವರು. ನೀವು ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದುಕೊಡಿ ಎಂದು ಹಟ ಹಿಡಿದವರು ಅವರೇ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಊರು ಅಜ್ಜಾವರ. ಕೆಲಸ ಕಲಿತದ್ದು ಕಡಬದ ಪೌಲೋಸಣ್ಣನ ಹತ್ತಿರ. ಅವರ ಅಪ್ಪ ಕೇರಳದಿಂದ ಬಂದು ರಬ್ಬರ್ ಹಾಕಿದವರು. ಮಗನಿಗೆ ರಬ್ಬರಿಗಿಂತ ಜೀಪಿನ ಮೇಲೆ ಜೀವ. ಜೀಪಿನ ಮೂತಿಗೆ ವಿಂಚ್ ಕೂರಿಸಿ, ಹೂತ ಗಾಡಿಗಳನ್ನು ಎಳೆದುಕೊಡುವುದನ್ನೇ ಕಸುಬು ಮಾಡಿಕೊಂಡಿದ್ದರು. ವಿಂಚ್ ಎಂದರೆ ಹೆಚ್ಚೇನಲ್ಲ, ಒಂದು ಉರುಳೆ, ಅದಕ್ಕೆ ಸುತ್ತಿದ ಕಬ್ಬಿಣದ ಹಗ್ಗ, ತಿರುಗಿಸಲಿಕ್ಕೆ ಒಂದು ಮೋಟಾರು. ಬಾವಿಯಿಂದ ನೀರು ಸೇದುವುದು ಗೊತ್ತಿದ್ದವರಿಗೆ ಇದೂ ಗೊತ್ತಾಗುತ್ತದೆ. ಕೊಡದ ಬದಲು ಮೂರು ಟನ್ನಿನ ಗಾಡಿ ಇರುತ್ತದೆ, ಅಷ್ಟೇ.

ಮೊದಲ ಮೂರು ತಿಂಗಳು ಅವರು ನನಗೆ ವಿಂಚಿನ ಸ್ವಿಚ್ಚು ಮುಟ್ಟಲಿಕ್ಕೆ ಕೊಡಲಿಲ್ಲ. ದಿನಾ ಬೆಳಿಗ್ಗೆ ಹಗ್ಗವನ್ನು ಪೂರ್ತಿ ಬಿಚ್ಚಿ ಅಂಗಳದಲ್ಲಿ ಹಾಸಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒರೆಸಬೇಕು. ಇದೆಂಥ ಕರ್ಮ ಎಂದು ನನಗೆ ಬೇಸರ. ಒಂದು ದಿನ ಬೇಗ ಮುಗಿಯಲಿ ಎಂದು ಬಟ್ಟೆ ಬಿಸಾಡಿ ಬರಿಗೈಯಲ್ಲಿ ಸವರಿಕೊಂಡು ಹೋದೆ. ಹಗ್ಗದ ಒಂದು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದು ನಿಂತಿತ್ತು, ಅಂಗೈಗೆ ಇಳಿಯಿತು. ಪೌಲೋಸಣ್ಣ ಬಂದು ರಕ್ತ ನೋಡಿದರು, ಹಗ್ಗ ನೋಡಿದರು.

“ಬಟ್ಟೆಗೆ ಗೊತ್ತಾಗುದನ್ನು ಕೈಗೆ ಯಾಕೆ ಗೊತ್ತು ಮಾಡಿಸಿದ್ದು ಮಾರಾಯ?” ಎಂದರು.

ಒರೆಸುವುದು ಕೊಳೆ ತೆಗೆಯಲಿಕ್ಕಲ್ಲ, ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಲಿಕ್ಕೆ ಎಂಬುದು ಆವತ್ತು ತಿಳಿಯಿತು. ಸಿಕ್ಕಿಕೊಂಡ ಕಡೆ ಎಳೆ ಕಡಿದಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಗ್ಲೌಸ್ ಇಲ್ಲದೆ ನಾನು ಕಬ್ಬಿಣದ ಹಗ್ಗ ಮುಟ್ಟಲಿಲ್ಲ. ಗ್ಲೌಸ್ ಇದ್ದರೆ ಸಾಕು ಎಂದು ತಿಳಿದುಕೊಂಡದ್ದು ಮುಂದಿನ ತಪ್ಪು, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಒಬ್ಬನೇ ಹೋಗಿ ಮಾಡಿದ ಮೊದಲ ಕೆಲಸ ನನ್ನ ಊರಿನಲ್ಲೇ. ಮದುವೆ ಊಟದ ಪಾತ್ರೆ ತುಂಬಿದ ಟೆಂಪೊ ತೋಟದ ದಾರಿಯಿಂದ ಜಾರಿ ಪಕ್ಕದ ಕಣಿಗೆ, ನೀರು ಹರಿಯುವ ಚರಂಡಿಗೆ, ಇಳಿದಿತ್ತು. ನನ್ನ ಜೀಪಿಗೂ ಅಲ್ಲಿ ಕಾಲು ಊರಲಿಕ್ಕೆ ಗಟ್ಟಿ ನೆಲ ಇರಲಿಲ್ಲ. ಹಿಂದೆ ಏನಾದರೂ ಕಟ್ಟಿ ಜೀಪನ್ನು ಹಿಡಿದು ನಿಲ್ಲಿಸಬೇಕು. ಸುತ್ತ ನೋಡಿದರೆ ಅಡಿಕೆ ಮರ ಬಿಟ್ಟು ಬೇರೆ ಏನಿಲ್ಲ. ಒಂದು ಮರ ತಡೆಯದು, ಮೂರನ್ನು ಸೇರಿಸಿ ಕಟ್ಟಿದರೆ ತಡೆಯುತ್ತದೆ ಎಂದು ಲೆಕ್ಕ ಹಾಕಿದೆ. ವಿಂಚ್ ಶುರು ಮಾಡಿದೆ. ಟೆಂಪೊ ಅಲ್ಲಾಡಲಿಲ್ಲ. ಹಿಂದಿನ ಮೂರು ಮರಗಳೂ ಒಟ್ಟಿಗೆ ನನಗೆ ತಲೆಬಾಗಿದವು, ಒಂದಂತೂ ಬುಡಸಮೇತ ಎದ್ದು ಬಂತು. ತೋಟ ನನ್ನ ಚಿಕ್ಕಪ್ಪನದು. ಅವರು ಬಂದು ಸೊಂಟಕ್ಕೆ ಕೈಕೊಟ್ಟು ನಿಂತು, ನೀನು ಟೆಂಪೊ ಎಳೆಯಲಿಕ್ಕೆ ಬಂದದ್ದಾ ಅಡಿಕೆ ಕೀಳಲಿಕ್ಕೆ ಬಂದದ್ದಾ ಎಂದು ಎಲ್ಲರ ಎದುರು ಕೇಳಿದರು. ಆ ಮದುವೆಯಲ್ಲಿ ಮದುಮಗನಿಗಿಂತ ನನ್ನ ಸುದ್ದಿಯೇ ಹೆಚ್ಚು ಓಡಾಡಿತು.

ನಮ್ಮ ಕಡೆಯ ಹುಡುಗ ಹುಡುಗಿಯರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಅಡಿಕೆ ಮರ ಎಷ್ಟೇ ಎತ್ತರ ಇರಲಿ, ಅದರ ಬೇರು ಮೇಲೆಮೇಲೆ. ಹಲಸೋ ಮಾವೋ ಇದ್ದರೆ ಕಟ್ಟಿ, ಕಟ್ಟುವಾಗ ಬುಡದ ಹತ್ತಿರವೇ ಕಟ್ಟಿ. ಏನೂ ಇಲ್ಲದಿದ್ದರೆ ಮೊಣಕಾಲು ಮುಳುಗುವ ಹೊಂಡ ತೆಗೆದು ಸ್ಟೆಪ್ನಿ ಚಕ್ರವನ್ನು ನಿಲ್ಲಿಸಿ ಹೂಳಿ, ಅದಕ್ಕೆ ಕಟ್ಟಿ. ಬೆವರು ಸುರಿಯುತ್ತದೆ, ಆದರೆ ಮರದ ಮಾಲಿಕನ ಬಾಯಿಗೆ ಬೀಳುವುದು ತಪ್ಪುತ್ತದೆ. ಮರಕ್ಕೆ ಕಟ್ಟುವಾಗಲೂ ಅಗಲದ ಬೆಲ್ಟ್ ಬೇಕು. ನೆಲ್ಯಾಡಿಯ ಹತ್ತಿರ ನಾನು ರಬ್ಬರ್ ಮರಕ್ಕೆ ನೇರ ಕಬ್ಬಿಣದ ಹಗ್ಗ ಸುತ್ತಿ ತೊಗಟೆ ಕಡಿಸಿದ್ದಕ್ಕೆ ಪೌಲೋಸಣ್ಣ ನನ್ನ ಪರವಾಗಿ ತೋಟದವರ ಹತ್ತಿರ ಒಂದು ಗಂಟೆ ಮಲಯಾಳದಲ್ಲಿ ಕ್ಷಮೆ ಕೇಳಬೇಕಾಯಿತು. ತೊಗಟೆಯಿಂದಲೇ ಬದುಕುವವನ ಮರದ ತೊಗಟೆ ಕಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಹುಕ್ಕು ಎಲ್ಲಿ ಹಾಕಬೇಕು ಎಂಬುದಕ್ಕೆ ಒಂದೇ ಪ್ರಸಂಗ ಸಾಕು. ಹೊಸ ಕಾರಿನ ಯಜಮಾನರೊಬ್ಬರು ನನಗಿಂತ ಮೊದಲೇ ತಾವೇ ಕೆಳಗೆ ತೂರಿ ಹುಕ್ಕು ಸಿಕ್ಕಿಸಿದ್ದರು. ನಾನು ಬಗ್ಗಿ ನೋಡಬೇಕಿತ್ತು, ನೋಡಲಿಲ್ಲ, ಅವರ ಬಿಳಿ ಪಂಚೆಗೆ ಮರ್ಯಾದೆ ಕೊಟ್ಟೆ. ವಿಂಚ್ ಎಳೆಯಿತು. ಬಂಪರ್ ಒಂದೇ ಗುಡ್ಡ ಹತ್ತಿ ಬಂತು. ಕಾರು ಮತ್ತು ಯಜಮಾನರು ಕೆಳಗೇ ಇದ್ದರು.

ಆಲಂಕಾರಿನ ಕೆಲಸ ಮಾತ್ರ ನಗುವಂಥದ್ದಲ್ಲ. ಕೆಂಪುಕಲ್ಲು ತುಂಬಿದ ಲಾರಿ ಹೂತಿತ್ತು. ನಮ್ಮಲ್ಲಿ ಒಂದು ಗಾಡಿ ಹೂತರೆ ನಲವತ್ತು ಜನ ಸೇರುತ್ತಾರೆ, ಎಲ್ಲರೂ ಹಗ್ಗದ ಪಕ್ಕವೇ ನಿಲ್ಲುತ್ತಾರೆ, ಎಲ್ಲರಿಗೂ ಒಂದೊಂದು ಉಪಾಯ ಇರುತ್ತದೆ. ನಾನು ಎರಡು ಗೋಣಿಗೆ ಹಸಿ ಮಣ್ಣು ತುಂಬಿ ಹಗ್ಗದ ನಡುವೆ ಹೊದಿಸಿದೆ. ಹಗ್ಗಕ್ಕೆ ಚಳಿಯಾ ಗಂಗಣ್ಣ ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ರಿಟಾಯರ್ಡ್ ಮೇಷ್ಟ್ರು ಒಬ್ಬರು ಹಗ್ಗಕ್ಕೆ ತೀರಾ ಹತ್ತಿರ, ಒಂದು ಬಾಳೆಗಿಡದ ಪಕ್ಕ ಕೊಡೆ ಊರಿಕೊಂಡು ನಿಂತಿದ್ದರು. ಎಷ್ಟು ಹೇಳಿದರೂ ಜಾಗ ಬಿಡಲೊಲ್ಲರು. ಕೊನೆಗೆ, ಮೇಷ್ಟ್ರೇ, ಈ ಜನ ನನ್ನ ಮಾತು ಕೇಳುವುದಿಲ್ಲ, ನೀವೇ ಇವರನ್ನು ಆ ಕಟ್ಟೆಯ ಆಚೆಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಎಂದು ಕೈ ಮುಗಿದೆ. ಕೆಲಸ ಕೊಟ್ಟ ಕೂಡಲೇ ಅವರು ಹೋದರು, ಜನವನ್ನೂ ಕರೆದುಕೊಂಡು ಹೋದರು. ಐದು ನಿಮಿಷ ಆಗಿರಬೇಕು, ಹಗ್ಗ ತುಂಡಾಯಿತು. ಗೋಣಿ ಅದನ್ನು ನೆಲಕ್ಕೆ ಕೆಡವಿತು. ಆದರೂ ತುದಿಯ ಒಂದು ಮಾರು ಬಾಳೆಗಿಡವನ್ನು ಕತ್ತಿಯಲ್ಲಿ ಕಡಿದ ಹಾಗೆ ಕಡಿದು ಹಾಕಿತು. ಗೋಣಿ ಇಲ್ಲದಿದ್ದರೆ ಇನ್ನೆಲ್ಲಿಗೆ ಹೋಗುತ್ತಿತ್ತೋ. ಮೇಷ್ಟ್ರು ಆ ಗಿಡದ ತುಂಡನ್ನು ತುಂಬ ಹೊತ್ತು ನೋಡಿದರು. ಆಮೇಲೆ ಬದುಕಿದ್ದಷ್ಟು ದಿನ ಎಲ್ಲಿ ಗಾಡಿ ಹೂತರೂ ಬಂದು ಜನರನ್ನು ದೂರ ನಿಲ್ಲಿಸುತ್ತಿದ್ದರು.

ಈಗ ಕಬ್ಬಿಣದ ಹಗ್ಗದ ಕಾಲ ಮುಗಿಯುತ್ತಾ ಬಂದಿದೆ. ರಶ್ಮಿ ಮೊದಲ ಸಲ ತಮ್ಮ ಜೀಪಿನ ವಿಂಚ್ ತೋರಿಸಿದಾಗ ಅದಕ್ಕೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ನೂಲಿನ ಹಗ್ಗ ಸುತ್ತಿತ್ತು. ಬಟ್ಟೆ ಒಣಗಿಸುವ ಹಗ್ಗವಾ ಎಂದು ನಾನು ನಕ್ಕೆ. ಆಕೆ ಏನೂ ಹೇಳದೆ ಅದೇ ಹಗ್ಗದಿಂದ ನನ್ನ ಜೀಪನ್ನೇ ತೋಡಿನಿಂದ ಎಳೆದು ಮೇಲೆ ಹಾಕಿದರು. ತುಂಡಾದರೂ ಅದು ಕಬ್ಬಿಣದಷ್ಟು ಹಾರುವುದಿಲ್ಲ, ಕೈಗೆ ಚುಚ್ಚುವುದಿಲ್ಲ, ಹಗುರ. ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಸವೆಯುತ್ತದೆ, ಬಿಸಿಲು ತಾಗಿ ತಾಗಿ ಬಲ ಕಳೆದುಕೊಳ್ಳುತ್ತದೆ. ಹೊಸದು ಬಂತೆಂದು ಒರೆಸಿ ನೋಡುವುದನ್ನು ನಿಲ್ಲಿಸಬೇಡಿ. ಗೋಣಿಯನ್ನೂ ಮನೆಯಲ್ಲಿ ಬಿಟ್ಟುಬರಬೇಡಿ.

ಇನ್ನು ಮರ್ಕಂಜದ ಕಥೆ.

ಗೊಬ್ಬರದ ಚೀಲ ತುಂಬಿದ ಪಿಕಪ್ ಗಾಡಿ. ತೋಟಕ್ಕೆ ಇಳಿಯುವ ಕಡಿದಾದ ದಾರಿಯಲ್ಲಿ ಹಿಮ್ಮುಖವಾಗಿ ಇಳಿಸುವಾಗ ಹಿಂದಿನ ಚಕ್ರ ಚರಂಡಿಗೆ ಜಾರಿತ್ತು. ಶೀನಪ್ಪನವರು ಅದರ ಡ್ರೈವರ್. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಆದರೆ ಅಚ್ಚುಕಟ್ಟಿನ ಮನುಷ್ಯ; ನಾವು ಹೋಗುವಷ್ಟರಲ್ಲೇ ಚಕ್ರಗಳಿಗೆ ಕಲ್ಲು ಕೊಟ್ಟು, ಅರ್ಧ ಲೋಡು ಇಳಿಸಿ ಇಟ್ಟಿದ್ದರು. ಪೌಲೋಸಣ್ಣ ಮೇಲೆ ಜೀಪು ನಿಲ್ಲಿಸಿ ಹಗ್ಗ ಇಳಿಬಿಟ್ಟರು. ನಾನು ಕೆಳಗೆ ಹೋಗಿ ಹುಕ್ಕು ಹಾಕಿ, ಶೀನಪ್ಪನವರಿಗೆ ಹೇಗೆ ಮಾಡಬೇಕೆಂದು ಹೇಳಿದೆ. ಎಂಜಿನ್ ಚಾಲೂ ಇರಲಿ, ಗೇರು ಹಾಕಿ ಬ್ರೇಕ್ ಹಿಡಿದುಕೊಳ್ಳಿ, ವಿಂಚ್ ಎಳೆಯುವಾಗ ನಾನು ಬಿಡಿ ಅಂದರೆ ಮೆಲ್ಲ ಮುಂದಕ್ಕೆ ಬಿಡಿ ಎಂದೆ.

“ನೀವು ಬಿಡಿ ಅಂದ್ರೆ ಬಿಡುದು, ಅಲ್ವಾ?” ಎಂದು ಅವರು ಕೇಳಿದರು.

ಹೌದು ಎಂದೆ. ಈ ಮಾತನ್ನು ಹದಿನಾಲ್ಕು ವರ್ಷ ನಾನು ಪೌಲೋಸಣ್ಣನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ.

ನಾನು ಮೇಲೆ ಬಂದು ಜೀಪಿನ ಪಕ್ಕ ನಿಂತೆ. ಪಿಕಪ್ ಅರ್ಧ ದಾರಿ ಚೆನ್ನಾಗಿಯೇ ಬಂತು. ಎರಡು ಸಲ ನಾನು ಬಿಡಿ ಎಂದೆ, ಎರಡು ಸಲವೂ ಅವರು ಹೇಳಿದಷ್ಟೇ ಬಿಟ್ಟು ನಿಲ್ಲಿಸಿದರು. ಆಮೇಲೆ ನೋಡುತ್ತೇನೆ, ಉರುಳೆಯಲ್ಲಿ ಹಗ್ಗ ಒಂದೇ ಬದಿಗೆ ರಾಶಿ ಬೀಳುತ್ತಿದೆ. ಕೈ ಎತ್ತಿ ನಿಲ್ಲಿಸಿದೆ. ಸುತ್ತು ಸರಿಮಾಡಲಿಕ್ಕೆಂದು ಜೀಪಿನ ಮೂತಿಯ ಹತ್ತಿರ ಬಗ್ಗಿ, ಹಗ್ಗ ಒಳಗೆ ಹೋಗುವ ರೋಲರಿನ ಎದುರಿಗೇ ಅದನ್ನು ಹಿಡಿದೆ. ವಿಂಚ್ ತಿರುಗಿಸುವ ರಿಮೋಟ್ ಪೌಲೋಸಣ್ಣನ ಕೈಯಲ್ಲಿತ್ತು. ಹಗ್ಗ ಮುಟ್ಟುವವನ ಕೈಯಲ್ಲೇ ರಿಮೋಟ್ ಇರಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನೇ. ಸ್ವಲ್ಪ ಸಡಿಲ ಬೇಕಿತ್ತು. ಎರಡೂ ಎಂಜಿನ್ನುಗಳ ಗಲಾಟೆಯ ಮೇಲೆ ಕೇಳಲಿ ಎಂದು ಪೌಲೋಸಣ್ಣನಿಗೆ ಜೋರಾಗಿ ಕೂಗಿದೆ, “ಬಿಡಿ.”

ಹೆಸರು ಹಿಡಿದು ಕೂಗಿದ್ದರೆ ಆಗುತ್ತಿತ್ತು, ಕೂಗಲಿಲ್ಲ. ಪೌಲೋಸಣ್ಣ ನನಗಿಂತ ಎರಡು ವರ್ಷ ಸಣ್ಣವರಾಗಿದ್ದರೆ ‘ಬಿಡು’ ಎನ್ನುತ್ತಿದ್ದೆ, ಶೀನಪ್ಪನವರು ಅದು ತನಗಲ್ಲ ಎಂದು ತಿಳಿಯುತ್ತಿದ್ದರು. ಅವರು ಹಿರಿಯರು, ಇವರು ಪರಿಚಯ ಇಲ್ಲದವರು. ಮರ್ಯಾದೆಯ ‘ಬಿಡಿ’ ಇಬ್ಬರಿಗೂ ಒಂದೇ. ಹಗ್ಗ ಸಡಿಲಿಸುವುದಕ್ಕೂ ಅದೇ ಮಾತು, ಗಾಡಿ ಓಡಿಸುವುದಕ್ಕೂ ಅದೇ ಮಾತು.

ಕೆಳಗೆ ಶೀನಪ್ಪನವರು ಬಿಟ್ಟರು. ಪಿಕಪ್ ಒಂದು ಮಾರು ಮುಂದಕ್ಕೆ ಹಾರಿತು, ಚಕ್ರ ಒದ್ದೆ ಮಣ್ಣಿನಲ್ಲಿ ಸುತ್ತಿತು, ಗಾಡಿ ಹಿಂದಕ್ಕೆ ಜಾರಿತು. ಸಡಿಲಾದ ಹಗ್ಗ ಒಮ್ಮೆಗೇ ಬಿಗಿಯಿತು. ನನ್ನ ಎಡಗೈ ಹಗ್ಗಕ್ಕೂ ರೋಲರಿಗೂ ನಡುವೆ ಇತ್ತು. ನೋವು ಆಮೇಲೆ ಬಂತು. ಮೊದಲು ನಾನು ಗ್ಲೌಸ್ ಎಲ್ಲಿ ಹೋಯಿತು ಎಂದು ಹುಡುಕಿದೆ.

ಶೀನಪ್ಪನವರು ಪಿಕಪ್ಪಿನ ಚಕ್ರಕ್ಕೆ ಕಲ್ಲು ಕೊಟ್ಟು, ಓಡಿ ಮೇಲೆ ಬಂದು, ಹೆಗಲ ಮೇಲಿನ ಬೈರಾಸು ಹರಿದು ನನ್ನ ಕೈಗೆ ಬಿಗಿಯಾಗಿ ಕಟ್ಟಿದರು. ಪೌಲೋಸಣ್ಣ ಹಗ್ಗದ ಹುಕ್ಕು ಬಿಚ್ಚಿ, ನನ್ನ ಕೈಯನ್ನು ಎತ್ತಿ ಹಿಡಿದುಕೊಂಡು ಹಿಂದೆ ಕೂತರು. ಶೀನಪ್ಪನವರೇ ನಮ್ಮ ಜೀಪು ಹತ್ತಿ ಸುಳ್ಯದ ಆಸ್ಪತ್ರೆಯವರೆಗೆ ಓಡಿಸಿದರು. ತಿರುವುಗಳಲ್ಲಿ ನನ್ನ ಕೈ ಅಲ್ಲಾಡದ ಹಾಗೆ ಓಡಿಸಿದರು. ಅದಾದ ಮೇಲೆ ಹದಿನಾಲ್ಕು ವರ್ಷ ಅವರು ಗಾಡಿ ಓಡಿಸಲಿಲ್ಲ.

ಪೌಲೋಸಣ್ಣ ಮದ್ದು ತರಲಿಕ್ಕೆ ಹೋಗಿದ್ದಾಗ ಆಸ್ಪತ್ರೆಗೆ ಪಿಕಪ್ಪಿನ ಯಜಮಾನರು ಬಂದರು. ಏನಾಯಿತು ಎಂದು ಕೇಳಿದರು. ಶೀನಪ್ಪನವರು ಬಾಗಿಲ ಹತ್ತಿರ ರಕ್ತದ ಅಂಗಿಯಲ್ಲೇ ನಿಂತಿದ್ದರು. “ಅವ ಹೇಳದೆ ಬಿಟ್ಟ” ಎಂದೆ. ಬೆಳಿಗ್ಗೆಯಿಂದ ನನ್ನ ಬಾಯಲ್ಲಿ ‘ಅವರು’ ಆಗಿದ್ದವರು ಆ ಕ್ಷಣಕ್ಕೆ ‘ಅವ’ ಆದರು.

ನೀವು ಬಿಡಿ ಅಂದದ್ದು ಕೇಳಿದ ಹಾಗಾಯಿತು ಎಂದು ಅವರು ಮೆಲ್ಲ ಹೇಳಿದರು.

“ನಾನು ನಿಮಗೆ ಹೇಳ್ಲಿಲ್ಲ” ಎಂದೆ.

ಅದು ಸುಳ್ಳಲ್ಲ, ನಾನು ಕೂಗಿದ್ದು ಪೌಲೋಸಣ್ಣನಿಗೆ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಹೇಳಿಲ್ಲ. ಅವರು ತಲೆ ತಗ್ಗಿಸಿದರು. ಯಜಮಾನರು ಅಲ್ಲೇ ಕೈಯೊಡ್ಡಿ ಪಿಕಪ್ಪಿನ ಕೀ ತೆಗೆದುಕೊಂಡರು.

ಒಂದು ತಿಂಗಳು ಕಳೆದು, ಕೈಗೆ ಬ್ಯಾಂಡೇಜು ಇರುವಾಗಲೇ ಪುತ್ತೂರಿನಲ್ಲಿ ಬಸ್ಸು ಹತ್ತಿದ್ದೆ. ಬಾಗಿಲಲ್ಲಿ ಜನ ತುಂಬಿದ್ದರು. ಇಳಿಯಬೇಕಾದ ಹೆಂಗಸೊಬ್ಬರು ದಾರಿ ಕೊಡಿ ಎಂಬ ಅರ್ಥದಲ್ಲಿ “ಬಿಡಿ, ಬಿಡಿ” ಎಂದು ಕೂಗಿದರು. ಡ್ರೈವರ್ ಬಸ್ಸು ಬಿಟ್ಟೇಬಿಟ್ಟ. ಕಂಡಕ್ಟರ್ ಬೊಬ್ಬೆ ಹೊಡೆದು ನಿಲ್ಲಿಸಿದ, ಎಲ್ಲರೂ ನಕ್ಕರು. ನನಗೆ ಮಾತ್ರ ‘ನೀವು ಬಿಡಿ ಅಂದ್ರೆ ಬಿಡುದು, ಅಲ್ವಾ?’ ಎಂಬ ಪ್ರಶ್ನೆ, ಅದಕ್ಕೆ ನಾನು ಹೌದು ಎಂದದ್ದು, ಎಲ್ಲ ಆ ಬಸ್ಸಿನಲ್ಲಿ ನೆನಪಿಗೆ ಬಂತು. ಅಲ್ಲಿಯವರೆಗೆ ಮರೆತಿದ್ದೆನಾ ಮುಚ್ಚಿಟ್ಟಿದ್ದೆನಾ ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ಅಲ್ಲಿಂದ ಮುಂದಿನದ್ದು ಮಾತ್ರ ಮುಚ್ಚಿಟ್ಟದ್ದೇ.

ಪೌಲೋಸಣ್ಣನಿಗೆ ಹೇಳಿದೆ. ನನ್ನ ಕೂಗು ಕೇಳಿದ್ದ ಅವರು ವಿಷಯವನ್ನು ಆಗಲೇ ಊಹಿಸಿಕೊಂಡಿದ್ದರು, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದರಂತೆ. ನಮ್ಮ ಭಾಷೆಯಲ್ಲೂ ‘ವಿಡು’ ಅಂದರೆ ಎರಡೂ ಆಗುತ್ತದೆ, ತುಳುವಿನ ‘ಬುಡು’ವೂ ಹಾಗೇ, ಮೂರು ಭಾಷೆ ಗೊತ್ತಿದ್ದೂ ನಮಗೆ ಬುದ್ಧಿ ಬರಲಿಲ್ಲ ಎಂದರು. ಆವತ್ತೇ ನಾವು ಆ ಶಬ್ದವನ್ನು ಜೀಪಿನಿಂದ ಹೊರಗೆ ಹಾಕಿದೆವು. ಎಳೆಯುವುದಕ್ಕೆ ‘ಎಳಿ’, ಹಗ್ಗಕ್ಕೆ ‘ಸಡಿಲು’, ಗಾಡಿಗೆ ‘ಮುಂದೆ’, ಎಲ್ಲದಕ್ಕೂ ಮೇಲೆ ‘ನಿಲ್ಲು’. ಮಾತಿನ ಜೊತೆಗೆ ಕೈಸನ್ನೆ. ಸನ್ನೆ ಮಾಡುವವನು ಒಬ್ಬನೇ, ‘ನಿಲ್ಲು’ ಅನ್ನಲಿಕ್ಕೆ ಮಾತ್ರ ಎಲ್ಲರಿಗೂ ಅಧಿಕಾರ ಉಂಟು.

ಇಷ್ಟೆಲ್ಲ ಮಾಡಿದ ಮೇಲೆ ಪೌಲೋಸಣ್ಣ ಒಂದೇ ಮಾತು ಕೇಳಿದರು. “ಶೀನಪ್ಪನಿಗೆ ಯಾವಾಗ ಹೇಳುದು?”

ಹೇಳುತ್ತೇನೆ ಎಂದೆ. ಅವರು ಮತ್ತೆ ಕೇಳಲಿಲ್ಲ, ಹೇಳಬೇಕಾದವನು ನೀನು ಎಂಬಂತೆ ಸುಮ್ಮನಿದ್ದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಜೀಪು ನನ್ನ ಹತ್ತಿರವೇ ಉಳಿಯಿತು, ಹೇಳದ ಮಾತೂ ಉಳಿಯಿತು.

ಶೀನಪ್ಪನವರಿಗೆ ‘ಬೆರಳು ಶೀನ’ ಎಂದು ಹೆಸರು ಬಿತ್ತು. ಯಾರೂ ಗಾಡಿ ಕೊಡಲಿಲ್ಲವಂತೆ. ಮರ್ಕಂಜ ಬಿಟ್ಟು ಆಲಂಕಾರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟರು ಎಂದು ಕೇಳಿದ್ದೆ. ಆ ದಾರಿಯಲ್ಲಿ ಹೋಗಬೇಕಾದಾಗ ನಾನು ಸುತ್ತು ಹಾಕಿ ಹೋಗುತ್ತಿದ್ದೆ. ನನ್ನ ಗಾಡಿ ಅಲ್ಲಿ ಪಂಕ್ಚರ್ ಆಗದಿರಲಿ ಎಂದು ಬೇಡಿಕೊಂಡದ್ದೂ ಉಂಟು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹೋದ ತಿಂಗಳು ಕಡಬದ ಹತ್ತಿರ ಒಂದು ರಬ್ಬರ್ ತೋಟದಲ್ಲಿ ಈ ಜೀಪು ಗುಂಪಿಗೆ ಪಾಠ ಮಾಡಲಿಕ್ಕೆ ಕರೆದಿದ್ದರು. ಹಗ್ಗ ಒರೆಸುವುದು, ಗೋಣಿ, ಬೆಲ್ಟು, ಸ್ಟೆಪ್ನಿ ಹೂಳುವುದು ಎಲ್ಲ ಹೇಳಿ, ಕೊನೆಗೆ ‘ಬಿಡಿ’ಯ ನಿಯಮಕ್ಕೆ ಬಂದು ಕೈ ತೋರಿಸಿದೆ. ಅದೇ ಅರ್ಧ ಕಥೆ ಹೇಳಿದೆ. ರಶ್ಮಿ ಕೈ ಎತ್ತಿದರು. ದನಕ್ಕೆ ಹೊಟ್ಟೆ ಉಬ್ಬರಿಸಿದೆ ಎಂದು ಕರೆದರೆ ತಾನು ಮೊದಲು ಕೇಳುವುದು ಅದಕ್ಕೆ ಮುಂಚೆ ಏನು ತಿನ್ನಿಸಿದ್ದಿರಿ ಎಂದು, ಹಾಗೇ ಕೇಳುತ್ತಿದ್ದೇನೆ ಎಂದರು.

“ಎಳಿಲಿಕ್ಕೆ ಶುರು ಮಾಡುವ ಮೊದಲು ನೀವು ಆ ಡ್ರೈವರಿಗೆ ಎಂತ ಹೇಳಿದ್ರಿ?”

ಹದಿನಾಲ್ಕು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಇಪ್ಪತ್ತು ಮಂದಿ ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿಬಿಟ್ಟೆ. ಹೇಳಿ ಮುಗಿಸಿದ ಮೇಲೆ ರಶ್ಮಿ, ಆ ಡ್ರೈವರ್ ಈಗ ಎಲ್ಲಿದ್ದಾರೆ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಜೀಪು ತೆಗೆದುಕೊಂಡು ಆಲಂಕಾರಿಗೆ ಹೋದೆ. ಶೀನಪ್ಪನವರು ಒಂದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದರು. ಕೂದಲು ಹಣ್ಣಾಗಿದೆ. ನನ್ನನ್ನು ನೋಡಿದ ಕೂಡಲೇ ಅವರ ಕಣ್ಣು ಹೋದದ್ದು ನನ್ನ ಎಡಗೈಗೆ. ಹೇಗೆ ಉಂಟು ಈಗ, ಚಳಿಗೆ ನೋವು ಬರುತ್ತದಾ ಎಂದು ವಿಚಾರಿಸಿದರು. ಸ್ಟೂಲು ಕೊಟ್ಟರು. ನನಗೆ ಕೂರಲಿಕ್ಕೆ ಆಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ನಾನು ಮೊದಲೇ ಹೇಳಿಕೊಟ್ಟದ್ದು, ನೀವು ಕೇಳಿ ಖಚಿತ ಮಾಡಿಕೊಂಡದ್ದು, ನಾನು ಕೂಗಿದ್ದು, ನೀವು ಹೇಳಿದ ಹಾಗೇ ಮಾಡಿದ್ದು. ತಪ್ಪು ನನ್ನದು, ನಿಮ್ಮದು ಸಾಸಿವೆಯಷ್ಟೂ ಇಲ್ಲ ಎಂದೆ.

ಅವರು ಟ್ಯೂಬನ್ನು ನೀರಿನಲ್ಲೇ ಹಿಡಿದುಕೊಂಡು ಇದ್ದರು. ಗುಳ್ಳೆ ಬರುತ್ತಿದ್ದ ಜಾಗಕ್ಕೆ ಬೆರಳು ಒತ್ತಿಕೊಂಡು ಕೇಳಿದರು.

“ನೀವು ಬಿಡಿ ಅಂದದ್ದು ನಿಜವಾ?”

“ನಿಜ.”

“ನಾನು ಇಷ್ಟು ವರ್ಷ ನನ್ನ ಕಿವಿಯನ್ನೇ ನಂಬ್ಲಿಲ್ಲ ಗಂಗಣ್ಣ. ಕೇಳದ್ದನ್ನು ಕೇಳಿದೆ ಅಂತ ತಿಳ್ಕೊಂಡೆ. ಮತ್ತೆ ಗಾಡಿ ಹತ್ಲಿಕ್ಕೆ ಹೆದರಿಕೆ ಆಯ್ತು. ಇನ್ನೊಬ್ಬರ ಬೆರಳು ಹೋದ್ರೆ ಅಂತ.”

ಯಾರೂ ಗಾಡಿ ಕೊಡದೆ ಅವರು ಡ್ರೈವಿಂಗ್ ಬಿಟ್ಟದ್ದು ಎಂದು ನಾನು ತಿಳಿದಿದ್ದೆ. ಆಮೇಲೆ ಒಂದಿಬ್ಬರು ಗಾಡಿ ಓಡಿಸಲಿಕ್ಕೆ ಕರೆದಿದ್ದರಂತೆ, ಶೀನಪ್ಪನವರೇ ಹೋಗಲಿಲ್ಲವಂತೆ. ನಾನು ತೆಗೆದದ್ದು ಅವರ ಕೈಯ ಕೀ ಮಾತ್ರ ಅಲ್ಲ ಎಂದು ಆಗ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಕ್ಷಮಿಸಿ ಎಂದೆ. ಅವರು ಕ್ಷಮಿಸಿದೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಎಲ್ಲಿಯಾದರೂ ಬರೆಯುವುದಾದರೆ ನನ್ನ ಹೆಸರು ಹಾಕಿಯೇ ಬರೆಯಿರಿ ಎಂದು ಮಾತ್ರ ಹೇಳಿದರು. ಹಾಕಿದ್ದೇನೆ.

ಆಮೇಲೆ ಎದ್ದು ಬಂದು ನನ್ನ ಜೀಪಿನ ನಾಲ್ಕೂ ಚಕ್ರಗಳ ಗಾಳಿ ನೋಡಿದರು. ಎಡಗಡೆಯ ಹಿಂದಿನದಕ್ಕೆ ಸ್ವಲ್ಪ ಕಡಿಮೆ ಇತ್ತು, ತುಂಬಿಸಿದರು. ಪೌಲೋಸಣ್ಣನದೇ ಜೀಪಲ್ವಾ ಇದು ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟರು. ನಾನು ಕೀ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. ನಾನೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಬೈರಾಸಿನಲ್ಲಿ ಕೈ ಒರೆಸಿಕೊಂಡು, ಕೀ ತೆಗೆದುಕೊಂಡು, ಹತ್ತಿ ಕೂತರು. ನಾನು ಪಕ್ಕದಲ್ಲಿ ಕೂತೆ. ಸೀಟು ಹಿಂದೆ ಮುಂದೆ ಮಾಡಿದರು, ಕನ್ನಡಿ ಸರಿ ಮಾಡಿದರು, ಎಂಜಿನ್ ಶುರು ಮಾಡಿದರು. ಗೇರು ಬಿತ್ತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನನ್ನ ಮುಖ ನೋಡಿದರು.

“ಹೇಳಿ” ಎಂದರು.

“ಬಿಡಿ” ಎಂದೆ.

ನನ್ನ ನಿಯಮದ ಸುದ್ದಿ ಆಲಂಕಾರಿಗೂ ಮುಟ್ಟಿತ್ತು ಎಂದು ಕಾಣುತ್ತದೆ. ಅವರು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

“ಯಾವ ಬಿಡಿ?”

ನಾನು ತೋರುಬೆರಳಿಲ್ಲದ ಎಡಗೈಯನ್ನು ಕಿಟಕಿಯ ಹೊರಗೆ ಚಾಚಿ ಮುಂದಿನ ರಸ್ತೆ ತೋರಿಸಿದೆ. ಜೀಪು ಮೆಲ್ಲ ಹೊರಟಿತು.